ಬ್ಯಾಂಕ್ ಸಂದರ್ಶನಕ್ಕೆ ತಾಳಮದ್ದಳೆಯ ತಾಲೀಮು: ನನ್ನ ಅನುಭವ

ಸರ್ಕಾರಿ ಬ್ಯಾಂಕುಗಳಿಗೆ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್‌ನ ಪ್ರೊಬೇಷನರಿ ಅಧಿಕಾರಿ ಹುದ್ದೆಗೆ ಮುಖ್ಯ ಪರೀಕ್ಷೆಯ ತೂಕ ಶೇ. 80, ಸಂದರ್ಶನದ್ದು ಶೇ. 20 ಎಂಬುದು ನನ್ನಂತೆ ತರಬೇತಿಯ ವೃತ್ತಿಯಲ್ಲಿರುವವರಿಗೆ ಗೊತ್ತಿರುವ ಲೆಕ್ಕ. ಆ 20ಕ್ಕಾಗಿ ಮಂಗಳೂರಿನ ಹಂಪನಕಟ್ಟೆಯ ನನ್ನ ಕೊಠಡಿಯಲ್ಲಿ, ವೇಷವಿಲ್ಲದೆ ಕುಳಿತು ಮಾತಿನಲ್ಲೇ ವಾದಿಸುವ ಯಕ್ಷಗಾನ ಪ್ರಕಾರವಾದ ತಾಳಮದ್ದಳೆಯ ಕ್ರಮವನ್ನು ಆರಂಭಿಸಿದಾಗ, ಸಹೋದ್ಯೋಗಿ ಮಿತ್ರರು “ಚೆಂಡೆಯನ್ನೂ ತರಿಸುತ್ತೀರಾ ಮಾರಾಯ್ರೇ?” ಎಂದು ನಕ್ಕಿದ್ದರು. ಈಗ ಅವರಲ್ಲೇ ಇಬ್ಬರು ತಮ್ಮ ವಿದ್ಯಾರ್ಥಿಗಳನ್ನು ಶನಿವಾರದಂದು ನನ್ನಲ್ಲಿಗೆ ಕಳುಹಿಸುತ್ತಿದ್ದಾರೆ.

ಅದಕ್ಕೆ ಮೊದಲು ಅಣಕು ಸಂದರ್ಶನದ ಚಿತ್ರೀಕರಣಕ್ಕೆಂದು ಕ್ಯಾಮೆರಾ, ದೀಪ, ಟಿವಿ ಎಂದು 40,000 ರೂಪಾಯಿಯ ಆಸುಪಾಸು ಸುರಿದಿದ್ದೆ. ಮಕ್ಕಳು ತಮ್ಮ ಮುಖವನ್ನು ನೋಡಿಕೊಂಡು ಕೂದಲು ಸರಿಮಾಡಿಕೊಂಡರೇ ಹೊರತು ಉತ್ತರ ಬದಲಾಗಲಿಲ್ಲ. ಬಳಿಕ ಬೆಂಗಳೂರಿನಿಂದ ವ್ಯಕ್ತಿತ್ವ ವಿಕಸನದ ತರಬೇತುದಾರರೊಬ್ಬರನ್ನು ಕರೆಸಿದೆ. ಎರಡು ದಿನಕ್ಕೆ 18,000ವೋ 20,000ವೋ ಆಯಿತು. ಅವರು ಹೋದ ಮೇಲೆ ಇಡೀ ತಂಡ “ಎಲ್ಲವೂ ಅಚ್ಚುಕಟ್ಟಾಗಿರಬೇಕೆಂಬ ಹಟವೇ ನನ್ನ ದೌರ್ಬಲ್ಯ” ಎಂದು ಒಂದೇ ರಾಗದಲ್ಲಿ ಹೇಳತೊಡಗಿತು. ಅವರನ್ನು ಬಂದರಿನಲ್ಲಿ ಮೀನು ಇಳಿಸುವ ದಕ್ಕೆಗೆ ಕಳುಹಿಸಿ ಮೀನಿನ ಚೌಕಾಸಿ ಮಾಡಿಸಿದ್ದೂ ಉಂಟು. ಸಂಕೋಚವೇನೋ ಬಿಟ್ಟಿತು, ಆದರೆ ತುಳುವಿನಲ್ಲಿ ಮಾತ್ರ. ಲಾಭವಾದದ್ದು ಮನೆಯವರಿಗೆ, ಅಗ್ಗದ ಬಂಗುಡೆಯಿಂದ.

ಈಗಿನ ಕ್ರಮದಲ್ಲಿ ಇಬ್ಬರನ್ನು ಎದುರುಬದುರು ಕುಳ್ಳಿರಿಸಿ, ತಾಳಮದ್ದಳೆಯಲ್ಲಿ ಭಾಗವತರು ಹಾಡುವ ಪದ್ಯದ ಜಾಗದಲ್ಲಿ ಅಭ್ಯರ್ಥಿಯ ಬಯೋಡೇಟಾದ ಒಂದು ಸಾಲನ್ನು ನಾನು ಓದುತ್ತೇನೆ. ಅವನು ಅದಕ್ಕೆ ಅರ್ಥ ಹೇಳಬೇಕು. ಎದುರಿನವನು ಆ ಅರ್ಥದೊಳಗಿನಿಂದಲೇ ಪ್ರಶ್ನೆ ಎತ್ತಬೇಕು. ಪ್ರಶ್ನೆಯಲ್ಲಿದ್ದ ಒಂದು ಮಾತನ್ನಾದರೂ ಹಿಡಿದುಕೊಳ್ಳದೆ ಉತ್ತರ ಆರಂಭಿಸುವಂತಿಲ್ಲ. ಈ ಕೊನೆಯ ನಿಯಮವಿದ್ದರೆ ಬಾಯಿಪಾಠ ತಾನಾಗಿಯೇ ಸಾಯುತ್ತದೆ. ಮೊದಲ ತಿಂಗಳು ಕನ್ನಡ ಅಥವಾ ತುಳು, ಅನಂತರ ಇಂಗ್ಲಿಷ್.

ಮೊದಲ ತಂಡದಲ್ಲಿ ಯಕ್ಷಗಾನದ ಗಾಳಿ ಸೋಕಿದ ಕೆಲವರು ವಾದ ಗೆಲ್ಲುವುದೇ ಗುರಿಯೆಂದುಕೊಂಡರು. ಒಬ್ಬನಂತೂ ಸಂದರ್ಶಕರ ಬಾಯಿ ಮುಚ್ಚಿಸಿ ಬಂದೆನೆಂದು ಹೆಮ್ಮೆಯಿಂದ ಹೇಳಿಕೊಂಡ, ಅಂತಿಮ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಅಂದಿನಿಂದ ನಡುವೆ ಗಂಟೆ ಬಾರಿಸಿ ಇಬ್ಬರ ಪಕ್ಷವನ್ನೂ ಅದಲುಬದಲು ಮಾಡಿಸುತ್ತೇನೆ. ಅಷ್ಟು ಹೊತ್ತು ಖಂಡಿಸಿದ್ದನ್ನೇ ಸಮರ್ಥಿಸಬೇಕಾದಾಗ ದನಿ ತಾನಾಗಿ ತಗ್ಗುತ್ತದೆ.

ಮಲ್ಪೆಯ ಮೀನುಗಾರ ಮನೆತನದ ಹುಡುಗನೊಬ್ಬನಿಗೆ ಸಂದರ್ಶಕರು “ನಿಮ್ಮ ತಂದೆಯ ದೋಣಿಗೆ ನೀವೇ ಸಾಲ ಮಂಜೂರು ಮಾಡುವಿರಾ?” ಎಂದು ಕೇಳಿದರಂತೆ. ಮೊದಲಿನ ಕ್ರಮವಾಗಿದ್ದರೆ ಅವನು ಆದ್ಯತಾ ವಲಯದ (ಕೃಷಿ, ಮೀನುಗಾರಿಕೆಯಂಥ, ಬ್ಯಾಂಕುಗಳು ಸಾಲದಲ್ಲಿ ಆದ್ಯತೆ ಕೊಡಬೇಕಾದ ಕ್ಷೇತ್ರಗಳ) ವ್ಯಾಖ್ಯೆಯನ್ನು ಒಪ್ಪಿಸುತ್ತಿದ್ದ. ಆದರೆ “ತಂದೆಯ ದೋಣಿ” ಎಂಬ ಮಾತನ್ನೇ ಹಿಡಿದು, ತಂದೆಯವರದ್ದಾದ್ದರಿಂದ ಆ ಕಡತ ಬೇರೊಬ್ಬ ಅಧಿಕಾರಿಗೆ ಹೋಗಬೇಕೆಂದೂ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧವಿರುವುದರಿಂದ ಆ 61 ದಿನಗಳಲ್ಲಿ ಕಂತು ಬೀಳದಂತೆ ಮರುಪಾವತಿಯನ್ನು ಹೊಂದಿಸಬೇಕೆಂದೂ ಹೇಳಿದ. ಮುಂದಿನ ಹತ್ತು ನಿಮಿಷ ಮಾತು ಡೀಸೆಲ್, ಮಂಜುಗಡ್ಡೆ, ಬಲೆಗಳ ಸುತ್ತಲೇ ಸುತ್ತಿತಂತೆ.

ಯಾರಿಗೆ ಯಾವ ಸಾಲನ್ನು ಓದಬೇಕು, ಗಂಟೆಯನ್ನು ಯಾವಾಗ ಬಾರಿಸಬೇಕು ಎಂಬುದನ್ನು ಇಲ್ಲಿ ಬರೆಯಲಾರೆ. ಕೊಠಡಿಯ ಬಾಡಿಗೆ ಹುಟ್ಟುವುದೇ ಅದರಿಂದ. ಕಳೆದ ಸಲ 30ರಷ್ಟು ಮಂದಿಯಲ್ಲಿ ಹದಿನೇಳೋ ಹದಿನೆಂಟೋ ಮಂದಿ ಆಯ್ಕೆಯಾದರು. ಹಿಂದೆ ಏಳೆಂಟು ದಾಟುತ್ತಿರಲಿಲ್ಲ. ಶುಲ್ಕವನ್ನು 3,000ದಿಂದ 4,500ಕ್ಕೆ ಏರಿಸಿದ್ದೇನೆ, ಈವರೆಗೆ ಯಾರೂ ಚೌಕಾಸಿ ಮಾಡಿಲ್ಲ.