ಡಚ್ ಟೆನಿಸ್ ಇತಿಹಾಸವನ್ನು ಅರಿಯುವ ಕ್ರಮ: ಎಲ್ಲಿಂದ ಆರಂಭಿಸಬೇಕು, ಯಾವುದನ್ನು ಬಿಡಬಾರದು

ನೆದರ್ಲೆಂಡ್ಸ್‌ನ ಟೆನಿಸ್ ಇತಿಹಾಸವನ್ನು ಅರಿಯಲು ಹೊರಟವರು ಸಾಮಾನ್ಯವಾಗಿ ಮೊದಲು ನೋಡುವುದು ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ವಿಜೇತರ ಪಟ್ಟಿಯನ್ನು. ಅಲ್ಲಿ ಸಿಗುವುದು ಎರಡೇ ಹೆಸರುಗಳು: 1927ರಲ್ಲಿ ಫ್ರೆಂಚ್ ಚಾಂಪಿಯನ್‌ಷಿಪ್ ಗೆದ್ದ ಕೇಯಾ ಬೌಮನ್ ಮತ್ತು 1996ರಲ್ಲಿ ವಿಂಬಲ್ಡನ್ ಗೆದ್ದ ರಿಚರ್ಡ್ ಕ್ರಾಯಿಚೆಕ್. ಇದನ್ನು ಓದಿದವರು, ಫುಟ್‌ಬಾಲ್ ಬಿಟ್ಟರೆ ಟೆನಿಸ್ ಸಂಸ್ಥೆಯೇ ಅತಿ ದೊಡ್ಡ ಕ್ರೀಡಾ ಸಂಸ್ಥೆಯಾಗಿರುವ ದೇಶಕ್ಕೆ ಇದು ತೀರಾ ಕಡಿಮೆ ಗಳಿಕೆಯೆಂದು ಭಾವಿಸಿ ಪಟ್ಟಿಯನ್ನು ಮುಚ್ಚಿಬಿಡುತ್ತಾರೆ. ಆ ತೀರ್ಮಾನ ತಪ್ಪು. ಡಚ್ಚರು ಜಗತ್ತಿನಲ್ಲೇ ಮುಂಚೂಣಿಯಲ್ಲಿ ನಿಂತದ್ದು ಡಬಲ್ಸ್‌ನಲ್ಲಿ ಮತ್ತು ಗಾಲಿಕುರ್ಚಿ ಟೆನಿಸ್‌ನಲ್ಲಿ. ಆದ್ದರಿಂದ ಈ ಇತಿಹಾಸವನ್ನು ಸಿಂಗಲ್ಸ್‌ನಿಂದ ಆರಂಭಿಸಬಹುದು, ಆದರೆ ಅಲ್ಲಿಯೇ ಉಳಿಯಬಾರದು ಎಂಬ ನಂಬಿಕೆಯಿಂದ, ಹೊಸದಾಗಿ ಓದುವವರಿಗೆ ಅನುಕೂಲವಾಗುವ ಒಂದು ಕ್ರಮವನ್ನು ಇಲ್ಲಿ ಸೂಚಿಸುತ್ತಿದ್ದೇನೆ.

ಆರಂಭಕ್ಕೆ 1996ರ ವಿಂಬಲ್ಡನ್ ಸೂಕ್ತ, ಏಕೆಂದರೆ ಅದರ ದೃಶ್ಯಗಳು ಸುಲಭವಾಗಿ ಸಿಗುತ್ತವೆ. ಆದರೆ ಫೈನಲ್‌ಗಿಂತ ಮೊದಲು ಕ್ವಾರ್ಟರ್‌ಫೈನಲ್ ನೋಡಿ. ಫೈನಲ್‌ನಲ್ಲಿ ಕ್ರಾಯಿಚೆಕ್ ಅಮೆರಿಕದ ಮಲಿವಾಯ್ ವಾಷಿಂಗ್ಟನ್ ಅವರನ್ನು 6–3, 6–4, 6–3ರಿಂದ ಸೋಲಿಸಿದರು. ಅದು ಏಕಪಕ್ಷೀಯ ಪಂದ್ಯ. ನಿಜವಾದ ಪರೀಕ್ಷೆ ನಡೆದದ್ದು ಕ್ವಾರ್ಟರ್‌ಫೈನಲ್‌ನಲ್ಲಿ, ಹಿಂದಿನ ಮೂರು ವರ್ಷ ಸತತವಾಗಿ ಪ್ರಶಸ್ತಿ ಗೆದ್ದಿದ್ದ ಪೀಟ್ ಸ್ಯಾಂಪ್ರಸ್ ಎದುರು. 7–5, 7–6, 6–4 ಎಂಬ ಸ್ಕೋರನ್ನು ಕಾಗದದ ಮೇಲೆ ಓದಿದರೆ ನೇರ ಸೆಟ್‌ಗಳ ಗೆಲುವು ಎಂದಷ್ಟೇ ತೋರುತ್ತದೆ. ಆದರೆ 1993ರಿಂದ 2000ದವರೆಗಿನ ಎಂಟು ವಿಂಬಲ್ಡನ್‌ಗಳಲ್ಲಿ ಸ್ಯಾಂಪ್ರಸ್ ಸೋತದ್ದು ಇದೊಂದೇ ಪಂದ್ಯವನ್ನು ಎಂಬುದನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದಾಗ ಅದರ ತೂಕ ತಿಳಿಯುತ್ತದೆ. ಕ್ರಾಯಿಚೆಕ್ ಅವರ ಏಸ್‌ಗಳ ಕಡೆಗೆ ಎಲ್ಲರ ಗಮನವೂ ತಾನಾಗಿಯೇ ಹೋಗುತ್ತದೆ. ಅದಕ್ಕಿಂತ, ಸ್ಯಾಂಪ್ರಸ್ ಅವರ ಎರಡನೇ ಸರ್ವ್‌ಗೆ ಅವರು ನೀಡುವ ಉತ್ತರವನ್ನು ಗಮನಿಸಬೇಕೆಂದು ನನ್ನ ಸಲಹೆ.

ಆ ವರ್ಷದ ಡ್ರಾ, ಅಂದರೆ ಯಾರು ಯಾರೊಡನೆ ಆಡಬೇಕೆಂಬ ಪಟ್ಟಿ, ಓದುವಾಗ ಒಂದು ಗೊಂದಲ ಎದುರಾಗುತ್ತದೆ. ಆಗ ಶ್ರೇಯಾಂಕ ನೀಡುತ್ತಿದ್ದದ್ದು 16 ಮಂದಿಗೆ ಮಾತ್ರ, ಮತ್ತು ಕ್ರಾಯಿಚೆಕ್ ಅವರಲ್ಲಿ ಇರಲಿಲ್ಲ. ಆಸ್ಟ್ರಿಯಾದ ಥಾಮಸ್ ಮುಸ್ಟರ್ ಗಾಯದಿಂದ ಹಿಂದೆ ಸರಿದಾಗ ಅವರ ಜಾಗಕ್ಕೆ ಕ್ರಾಯಿಚೆಕ್ ಬಂದರು. ಹೀಗಾಗಿಯೇ ಕೆಲವು ಬರಹಗಳು ಅವರನ್ನು ಶ್ರೇಯಾಂಕರಹಿತ ಚಾಂಪಿಯನ್ ಎಂದೂ, ಇನ್ನು ಕೆಲವು 17ನೇ ಶ್ರೇಯಾಂಕದವರೆಂದೂ ಬರೆಯುತ್ತವೆ. ರಾಟರ್‌ಡ್ಯಾಮ್‌ನಲ್ಲಿ ಜೆಕ್ ಮೂಲದ ತಂದೆತಾಯಿಗೆ ಜನಿಸಿದ ಕ್ರಾಯಿಚೆಕ್ 1999ರಲ್ಲಿ ವಿಶ್ವ ಕ್ರಮಾಂಕದಲ್ಲಿ 4ನೇ ಸ್ಥಾನಕ್ಕೇರಿದರು. ಹಿಂದುಳಿದ ಬಡಾವಣೆಗಳ ಮಕ್ಕಳಿಗಾಗಿ ಆಟದ ಅಂಗಳಗಳನ್ನು ನಿರ್ಮಿಸುವ ಪ್ರತಿಷ್ಠಾನವನ್ನು ಅವರು 1997ರಲ್ಲೇ ಸ್ಥಾಪಿಸಿದ್ದರು. ಟ್ರೋಫಿಯಷ್ಟೇ ಗೌರವದಿಂದ ಇದನ್ನೂ ಅವರ ಸಾಧನೆಗಳಲ್ಲಿ ಸೇರಿಸಿಕೊಳ್ಳಬೇಕು.

ಅಲ್ಲಿಂದ ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ಹೋಗಿ, 1968ರ ಅಮೆರಿಕ ಓಪನ್‌ಗೆ ಬನ್ನಿ. ವೃತ್ತಿಪರರಿಗೂ ಹವ್ಯಾಸಿಗಳಿಗೂ ಒಟ್ಟಾಗಿ ಆಡಲು ಅವಕಾಶ ಸಿಕ್ಕ ಮೊದಲ ವರ್ಷ ಅದು. ಆಮ್‌ಸ್ಟರ್‌ಡ್ಯಾಮ್‌ನ ಟಾಮ್ ಒಕ್ಕರ್ ಸೆಮಿಫೈನಲ್‌ನಲ್ಲಿ ಕೆನ್ ರೋಸ್‌ವಾಲ್ ಅವರನ್ನು ಮಣಿಸಿ, ಫೈನಲ್‌ನಲ್ಲಿ ಆರ್ಥರ್ ಆಶ್ ಅವರಿಗೆ 14–12, 5–7, 6–3, 3–6, 6–3ರಿಂದ ಸೋತರು. ಮೊದಲ ಸೆಟ್‌ನ ಅಂಕಿಗಳನ್ನು ಕಂಡು ಅಚ್ಚರಿಪಡಬೇಕಿಲ್ಲ. 6–6 ಸಮವಾದಾಗ ಸೆಟ್ಟನ್ನು ಬೇಗ ಮುಗಿಸುವ ಟೈಬ್ರೇಕರ್ ಆ ಟೂರ್ನಿಗೆ ಬಂದದ್ದು 1970ರಲ್ಲಿ. ಆಶ್ ಆಗ ಅಮೆರಿಕದ ಸೇನೆಯಲ್ಲಿದ್ದ ಹವ್ಯಾಸಿ ಆಟಗಾರ, ಬಹುಮಾನದ ಹಣ ಪಡೆಯುವಂತಿರಲಿಲ್ಲ. ಹೀಗಾಗಿ ವಿಜೇತರಿಗೆ ಸಲ್ಲಬೇಕಿದ್ದ 14,000 ಡಾಲರ್ ಸೋತ ಒಕ್ಕರ್ ಅವರ ಕೈಸೇರಿತು. ಓಪನ್ ಯುಗದ ಆರಂಭದಲ್ಲಿ ನಿಯಮಗಳು ಎಷ್ಟು ತೊಡಕಾಗಿದ್ದವು ಎಂಬುದನ್ನು ಅರಿಯಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಂಡಿಲ್ಲ.

ಒಕ್ಕರ್ ಅವರನ್ನು ಆ ಒಂದು ಸೋಲಿನಿಂದ ಅಳೆಯುವುದು ಅನ್ಯಾಯ. ತೆಳ್ಳನೆಯ ಮೈಕಟ್ಟು, ಅಂಕಣದ ಉದ್ದಗಲಕ್ಕೂ ಓಡುವ ವೇಗ, ಮರದ ರ‍್ಯಾಕೆಟ್‌ನಲ್ಲೇ ಮಣಿಕಟ್ಟು ತಿರುಗಿಸಿ ಹೊಡೆಯುತ್ತಿದ್ದ ಟಾಪ್‌ಸ್ಪಿನ್ ಫೋರ್‌ಹ್ಯಾಂಡ್, ಇವುಗಳಿಂದಾಗಿ ಅವರಿಗೆ ‘ಫ್ಲೈಯಿಂಗ್ ಡಚ್‌ಮನ್’ ಎಂಬ ಹೆಸರು ಬಂತು. 1974ರಲ್ಲಿ ಅವರು ವಿಶ್ವದ 3ನೇ ಕ್ರಮಾಂಕದಲ್ಲಿದ್ದರು. 1978ರಲ್ಲಿ, 34ರ ವಯಸ್ಸಿನಲ್ಲಿ, ವಿಂಬಲ್ಡನ್ ಸೆಮಿಫೈನಲ್ ತಲುಪಿ ಬ್ಯೋರ್ನ್ ಬೋರ್ಗ್ ಅವರಿಗೆ ಸೋತರು. ಗ್ರ್ಯಾನ್‌ಸ್ಲಾಮ್ ಟ್ರೋಫಿಗಳು ಅವರಿಗೆ ಸಿಕ್ಕಿದ್ದು ಡಬಲ್ಸ್‌ನಲ್ಲಿ: 1973ರಲ್ಲಿ ಜಾನ್ ನ್ಯೂಕಂಬ್ ಜೊತೆ ಫ್ರೆಂಚ್ ಓಪನ್, 1976ರಲ್ಲಿ ಮಾರ್ಟಿ ರೀಸನ್ ಜೊತೆ ಅಮೆರಿಕ ಓಪನ್.

ಇಲ್ಲಿಂದ ಓದುವ ವಿಧಾನವನ್ನೇ ಬದಲಾಯಿಸಬೇಕು. ಆಟಗಾರರೊಬ್ಬರ ಹೆಸರು ಸಿಕ್ಕಾಗ ಸಿಂಗಲ್ಸ್, ಡಬಲ್ಸ್, ಮಿಶ್ರ ಡಬಲ್ಸ್ ಈ ಮೂರನ್ನೂ ಒಂದೇ ಹಾಳೆಯಲ್ಲಿ ವರ್ಷವಾರು ಬರೆದುಕೊಳ್ಳಿ. ಬೆಟ್ಟಿ ಸ್ಟೋವ ಅವರ ವಿಷಯದಲ್ಲಿ ಹೀಗೆ ಮಾಡಿದರೆ ಫಲ ಕೂಡಲೇ ಕಾಣುತ್ತದೆ. ಹೆಚ್ಚಿನ ಬರಹಗಳಲ್ಲಿ ಅವರು ಬರುವುದು 1977ರ ವಿಂಬಲ್ಡನ್ ಶತಮಾನೋತ್ಸವ ವರ್ಷದಲ್ಲಿ, ರಾಣಿ ಎರಡನೇ ಎಲಿಜಬೆತ್ ಅವರ ಸಮ್ಮುಖದಲ್ಲಿ, ಬ್ರಿಟನ್‌ನ ವರ್ಜೀನಿಯಾ ವೇಡ್ ಅವರಿಗೆ 4–6, 6–3, 6–1ರಿಂದ ಸೋತ ಎದುರಾಳಿಯಾಗಿ ಮಾತ್ರ. ಬ್ರಿಟಿಷರ ಸಂಭ್ರಮದ ಕಥೆಯಲ್ಲಿ ಅವರದು ಪಕ್ಕದ ಪಾತ್ರ. ಆದರೆ ಹಾಳೆಯಲ್ಲಿ ಬರೆದುಕೊಂಡಾಗ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಮೊದಲನೆಯದು, ಆ ಒಂದೇ ವಿಂಬಲ್ಡನ್‌ನಲ್ಲಿ ಅವರು ಸಿಂಗಲ್ಸ್, ಮಾರ್ಟಿನಾ ನವ್ರಾಟಿಲೋವಾ ಜೊತೆ ಡಬಲ್ಸ್ ಮತ್ತು ಫ್ರೂ ಮೆಕ್‌ಮಿಲನ್ ಜೊತೆ ಮಿಶ್ರ ಡಬಲ್ಸ್, ಹೀಗೆ ಮೂರೂ ಫೈನಲ್ ತಲುಪಿ ಮೂರನ್ನೂ ಸೋತರು. ಎರಡನೆಯದು, ಅದೇ ವರ್ಷದ ಅಮೆರಿಕ ಓಪನ್‌ನಲ್ಲಿ ಅದೇ ಇಬ್ಬರು ಜೊತೆಗಾರರೊಂದಿಗೆ ಡಬಲ್ಸ್ ಮತ್ತು ಮಿಶ್ರ ಡಬಲ್ಸ್ ಎರಡನ್ನೂ ಗೆದ್ದರು. 1972ರಲ್ಲಿ ಬಿಲ್ಲಿ ಜೀನ್ ಕಿಂಗ್ ಜೊತೆ ಫ್ರೆಂಚ್ ಓಪನ್ ಮತ್ತು ವಿಂಬಲ್ಡನ್, 1979ರಲ್ಲಿ ವೆಂಡಿ ಟರ್ನ್‌ಬುಲ್ ಜೊತೆ ಫ್ರೆಂಚ್ ಮತ್ತು ಅಮೆರಿಕ ಓಪನ್ ಎಂದು ಬರೆಯುತ್ತಾ ಹೋದರೆ, ಡಬಲ್ಸ್‌ನಲ್ಲಿ ಆರು, ಮಿಶ್ರ ಡಬಲ್ಸ್‌ನಲ್ಲಿ ನಾಲ್ಕು, ಒಟ್ಟು ಹತ್ತು ಗ್ರ್ಯಾನ್‌ಸ್ಲಾಮ್ ಪ್ರಶಸ್ತಿಗಳಾಗುತ್ತವೆ. ಮುಂದೆ ಅವರು ಹಾನಾ ಮಾಂಡ್ಲಿಕೋವಾ ಅವರ ತರಬೇತುದಾರರೂ ಆದರು. ಡಚ್ ಟೆನಿಸ್‌ನ ಶ್ರೇಷ್ಠರನ್ನು ಸಾಲಾಗಿ ನಿಲ್ಲಿಸುವುದಾದರೆ ಸ್ಟೋವ ಅವರು ಕ್ರಾಯಿಚೆಕ್‌ಗಿಂತ ಹಿಂದೆ ನಿಲ್ಲಬೇಕಾದವರಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ.

ಪುರುಷರ ಡಬಲ್ಸ್‌ಗೆ ಬಂದಾಗ ಯಾಕೊ ಎಲ್ಟಿಂಗ್ ಮತ್ತು ಪೌಲ್ ಹಾರ್‌ಹೌಸ್ ಜೋಡಿಯಿಂದ ತೊಡಗಿ. 1994ರಲ್ಲಿ ಆಸ್ಟ್ರೇಲಿಯಾ ಓಪನ್ ಮತ್ತು ಅಮೆರಿಕ ಓಪನ್, 1995 ಮತ್ತು 1998ರಲ್ಲಿ ಫ್ರೆಂಚ್ ಓಪನ್, ಕೊನೆಗೆ 1998ರಲ್ಲಿ ವಿಂಬಲ್ಡನ್ ಗೆದ್ದು ಅವರು ನಾಲ್ಕೂ ಗ್ರ್ಯಾನ್‌ಸ್ಲಾಮ್‌ಗಳನ್ನು ಪೂರ್ಣಗೊಳಿಸಿದರು. ಆ ವಿಂಬಲ್ಡನ್ ಫೈನಲ್‌ನಲ್ಲಿ ಅವರು ಮಣಿಸಿದ್ದು ಹಿಂದಿನ ಐದು ವರ್ಷ ಸತತವಾಗಿ ಗೆದ್ದಿದ್ದ ಆಸ್ಟ್ರೇಲಿಯಾದ ಟಾಡ್ ವುಡ್‌ಬ್ರಿಜ್–ಮಾರ್ಕ್ ವುಡ್‌ಫರ್ಡ್ ಜೋಡಿಯನ್ನು, ಅದೂ ಐದು ಸೆಟ್‌ಗಳಲ್ಲಿ. ಈ ಜೋಡಿಯ ಪಂದ್ಯ ನೋಡುವಾಗ ಕಣ್ಣನ್ನು ಚೆಂಡಿನ ಹಿಂದೆ ಬಿಡದೆ, ಸರ್ವ್ ಮಾಡದೆ ನೆಟ್ ಬಳಿ ನಿಂತ ಆಟಗಾರನ ಮೇಲಿಡಿ. ಅವನು ಯಾವಾಗ ಅಡ್ಡ ನುಗ್ಗುತ್ತಾನೆ, ಯಾವಾಗ ನುಗ್ಗುವಂತೆ ತೋರಿ ಹಿಂದೆ ಉಳಿಯುತ್ತಾನೆ ಎಂಬುದು ತಿಳಿದರೆ ಡಬಲ್ಸ್‌ನ ಅರ್ಧದಷ್ಟು ಆಟ ಅರ್ಥವಾದಂತೆ. ಹಾರ್‌ಹೌಸ್ ಸಿಂಗಲ್ಸ್‌ನಲ್ಲೂ ಸಾಧಾರಣರಾಗಿರಲಿಲ್ಲ. 1989ರ ಅಮೆರಿಕ ಓಪನ್‌ನಲ್ಲಿ ಅರ್ಹತಾ ಸುತ್ತಿನಿಂದ ಬಂದು ಜಾನ್ ಮೆಕೆನ್ರೊ ಅವರನ್ನೂ, 1991ರಲ್ಲಿ ಅಗ್ರ ಶ್ರೇಯಾಂಕದ ಬೋರಿಸ್ ಬೆಕರ್ ಅವರನ್ನೂ ಸೋಲಿಸಿದವರು ಅವರು.

ಕನ್ನಡ ಓದುಗರಿಗೆ ಈ ಇತಿಹಾಸ ಹತ್ತಿರವಾಗುವುದು ಮುಂದಿನ ತಲೆಮಾರಿನಲ್ಲಿ. 2022ರ ಫ್ರೆಂಚ್ ಓಪನ್ ಸೆಮಿಫೈನಲ್‌ನಲ್ಲಿ ಕೊಡಗಿನ ರೋಹನ್ ಬೋಪಣ್ಣ ಆಡಿದ್ದು ಡಚ್ ಆಟಗಾರ ಮಾಟ್ವೆ ಮಿಡಲ್‌ಕೂಪ್ ಜೊತೆಗೂಡಿ. ಅವರನ್ನು ಮೂರನೇ ಸೆಟ್‌ನ ಟೈಬ್ರೇಕರ್‌ನಲ್ಲಿ ಸೋಲಿಸಿದ್ದು ಇನ್ನೊಬ್ಬ ಡಚ್ ಆಟಗಾರ ಜೀನ್ ಜೂಲಿಯನ್ ರೋಜರ್ ಮತ್ತು ಎಲ್ ಸಾಲ್ವಡಾರ್‌ನ ಮಾರ್ಸೆಲೊ ಅರೆವಾಲೊ. ಕೆರಿಬಿಯನ್ ಸಮುದ್ರದ ಕುರಸಾವ್ ದ್ವೀಪದಲ್ಲಿ ಜನಿಸಿದ ರೋಜರ್, ಹೊರಿಯಾ ಟೆಕಾವು ಜೊತೆ 2015ರ ವಿಂಬಲ್ಡನ್ ಮತ್ತು 2017ರ ಅಮೆರಿಕ ಓಪನ್ ಗೆದ್ದಿದ್ದರು. 2022ರ ಆ ಫ್ರೆಂಚ್ ಓಪನ್ ಗೆದ್ದಾಗ 40 ವರ್ಷದವರಾಗಿದ್ದ ಅವರು, ಓಪನ್ ಯುಗದಲ್ಲಿ ಪುರುಷರ ಡಬಲ್ಸ್ ಗ್ರ್ಯಾನ್‌ಸ್ಲಾಮ್ ಗೆದ್ದ ಅತಿ ಹಿರಿಯರೆನಿಸಿದರು. ಆ ದಾಖಲೆಯನ್ನು 2024ರ ಆಸ್ಟ್ರೇಲಿಯಾ ಓಪನ್‌ನಲ್ಲಿ, 43ನೇ ವಯಸ್ಸಿನಲ್ಲಿ ಮುರಿದವರು ಬೋಪಣ್ಣ. 2023ರ ವಿಂಬಲ್ಡನ್ ಸೆಮಿಫೈನಲ್‌ನಲ್ಲಿ ಬೋಪಣ್ಣ ಮತ್ತು ಮ್ಯಾಥ್ಯೂ ಎಬ್ಡನ್ ಅವರನ್ನು ತಡೆದ ವೆಸ್ಲಿ ಕೂಲ್‌ಹಾಫ್ ಕೂಡ ಡಚ್ಚರೇ; ಅವರು ನೀಲ್ ಸ್ಕುಪ್ಸ್ಕಿ ಜೊತೆ ಆ ವರ್ಷದ ಪ್ರಶಸ್ತಿ ಗೆದ್ದರು. ಬೋಪಣ್ಣ ಅವರ ಪಂದ್ಯಗಳನ್ನು ಹಿಂಬಾಲಿಸಿದವರಿಗೆ ಈ ಹೆಸರುಗಳು ಈಗಾಗಲೇ ಪರಿಚಿತವಾಗಿರುವುದರಿಂದ, ಬೇಕಿದ್ದರೆ ಇಲ್ಲಿಂದಲೇ ಓದು ಆರಂಭಿಸಬಹುದು.

ಗಾಲಿಕುರ್ಚಿ ಟೆನಿಸ್‌ಗೆ ಪ್ರತ್ಯೇಕ ಸಮಯ ಮೀಸಲಿಡಿ. ಅಂಕಣದ ಅಳತೆಯಾಗಲಿ ನೆಟ್‌ನ ಎತ್ತರವಾಗಲಿ ಬದಲಾಗುವುದಿಲ್ಲ. ಚೆಂಡು ಎರಡು ಸಲ ಪುಟಿಯಲು ಅವಕಾಶವಿದೆ, ಎರಡನೇ ಪುಟಿತ ಗೆರೆಯ ಹೊರಗೂ ಬೀಳಬಹುದು. ಇಷ್ಟು ತಿಳಿದರೆ ಪಂದ್ಯ ನೋಡಲು ಸಾಕು. ವೂರ್ಡನ್ ಪಟ್ಟಣದ ಎಸ್ತರ್ ವರ್ಗೀರ್ ಎಂಟನೇ ವಯಸ್ಸಿನಲ್ಲಿ ಬೆನ್ನುಹುರಿಯ ರಕ್ತನಾಳಗಳ ತೊಂದರೆಗೆ ನಡೆದ ಶಸ್ತ್ರಚಿಕಿತ್ಸೆಯ ನಂತರ ಕಾಲುಗಳ ಸ್ವಾಧೀನ ಕಳೆದುಕೊಂಡವರು. 2003ರ ಜನವರಿಯಲ್ಲಿ ಸಿಡ್ನಿಯಲ್ಲಿ ಡ್ಯಾನಿಯೆಲಾ ಡಿ ಟೊರೊ ಅವರಿಗೆ ಸೋತ ಮೇಲೆ, 2013ರಲ್ಲಿ ನಿವೃತ್ತಿ ಘೋಷಿಸುವವರೆಗೂ ಅವರು ಸಿಂಗಲ್ಸ್‌ನಲ್ಲಿ ಮತ್ತೆ ಸೋಲಲಿಲ್ಲ. ಸತತ 470 ಗೆಲುವುಗಳು. ಇಂಥ ಸಂಖ್ಯೆಯನ್ನು ಕಂಡಾಗ ಎದುರಾಳಿಗಳೇ ಇರಲಿಲ್ಲವೇನೋ ಎಂಬ ಅನುಮಾನ ಮೂಡುವುದು ಸಹಜ. ಅದಕ್ಕೆ ಉತ್ತರವಾಗಿ 2008ರ ಬೀಜಿಂಗ್ ಪ್ಯಾರಾಲಿಂಪಿಕ್ಸ್ ಫೈನಲ್ ಹುಡುಕಿ ನೋಡಿ: ತಮ್ಮದೇ ದೇಶದ ಕೋರಿ ಹೋಮನ್ ಎದುರು ಸೋಲಿಗೆ ಒಂದೇ ಪಾಯಿಂಟ್ ದೂರದಲ್ಲಿದ್ದ ವರ್ಗೀರ್, ಮೂರನೇ ಸೆಟ್‌ನ ಟೈಬ್ರೇಕರ್‌ನಲ್ಲಿ ಗೆದ್ದರು.

ಅವರ ಪ್ರಶಸ್ತಿಗಳನ್ನು ಎಣಿಸುವಾಗ ಒಂದು ಎಚ್ಚರ ಅಗತ್ಯ. ವರ್ಗೀರ್ ಗೆದ್ದ 21 ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಪ್ರಶಸ್ತಿಗಳಲ್ಲಿ ವಿಂಬಲ್ಡನ್ ಇಲ್ಲ. ಅದಕ್ಕೆ ಕಾರಣ, ಗಾಲಿಕುರ್ಚಿ ಸಿಂಗಲ್ಸ್ ವಿಂಬಲ್ಡನ್‌ನಲ್ಲಿ ಆರಂಭವಾದದ್ದೇ 2016ರಲ್ಲಿ. ಆದ್ದರಿಂದ ಅದೇ ವೂರ್ಡನ್‌ನಲ್ಲಿ 1996ರಲ್ಲಿ ಜನಿಸಿದ ಡೀಡೆ ಡಿ ಗ್ರೂಟ್ ಅವರೊಡನೆ ವರ್ಗೀರ್ ಅವರನ್ನು ಕೇವಲ ಟ್ರೋಫಿಗಳ ಲೆಕ್ಕದಿಂದ ಹೋಲಿಸಬಾರದು. ಡಿ ಗ್ರೂಟ್ 2021ರಲ್ಲಿ ನಾಲ್ಕೂ ಗ್ರ್ಯಾನ್‌ಸ್ಲಾಮ್‌ಗಳೊಂದಿಗೆ ಟೋಕಿಯೊ ಪ್ಯಾರಾಲಿಂಪಿಕ್ಸ್ ಚಿನ್ನವನ್ನೂ ಗೆದ್ದರು. 2022 ಮತ್ತು 2023ರಲ್ಲೂ ನಾಲ್ಕಕ್ಕೆ ನಾಲ್ಕನ್ನೂ ಗೆದ್ದರು. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ಫೈನಲ್‌ನಲ್ಲಿ ಅವರನ್ನು ಜಪಾನ್‌ನ ಯುಯಿ ಕಾಮಿಜಿ ಸೋಲಿಸಿದರು. ವರ್ಗೀರ್ ಮತ್ತು ಡಿ ಗ್ರೂಟ್ ನಡುವಿನ ಕಾಲದಲ್ಲಿ, 2016ರ ರಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಸಿಂಗಲ್ಸ್ ಮತ್ತು ಡಬಲ್ಸ್ ಎರಡರಲ್ಲೂ ಚಿನ್ನ ಗೆದ್ದ ಯಿಸ್ಕೆ ಗ್ರಿಫಿಯೂನ್ ಅವರನ್ನು ಮರೆಯಬಾರದು.

ಇಷ್ಟಾದ ಮೇಲೆ ಉಳಿದ ಸಿಂಗಲ್ಸ್ ಆಟಗಾರರನ್ನು ಬೇಗ ಓದಿ ಮುಗಿಸಬಹುದು. 2003ರಲ್ಲಿ ಫ್ರೆಂಚ್ ಓಪನ್ ಫೈನಲ್ ತಲುಪಿ ಹುವಾನ್ ಕಾರ್ಲೋಸ್ ಫೆರೆರೊ ಅವರಿಗೆ ಸೋತ ಮಾರ್ಟಿನ್ ವರ್ಕರ್ಕ್, 2002ರ ಅಮೆರಿಕ ಓಪನ್ ಸೆಮಿಫೈನಲ್ ಆಡಿದ ಶೆಂಗ್ ಷಾಲ್ಕನ್, ಹಾಗೂ 2016ರಲ್ಲಿ ಫ್ರೆಂಚ್ ಓಪನ್ ಸೆಮಿಫೈನಲ್ ತಲುಪಿ, 2019ರಲ್ಲಿ ಒಂದೂ ಸೆಟ್ ಬಿಟ್ಟುಕೊಡದೆ ಮ್ಯಾಡ್ರಿಡ್ ಟೂರ್ನಿ ಗೆದ್ದು ವಿಶ್ವದ 4ನೇ ಕ್ರಮಾಂಕಕ್ಕೇರಿದ ಕಿಕಿ ಬರ್ಟೆನ್ಸ್ ಮುಖ್ಯರು. ಕೇಯಾ ಬೌಮನ್ ಅವರನ್ನು ಕೊನೆಗೆ ಓದಲು ಹೇಳುವುದಕ್ಕೆ ಕಾರಣವಿದೆ; ಆ ಕಾಲದ ಹಿನ್ನೆಲೆ ತಿಳಿಯದೆ ಅವರ ಸಾಧನೆಯ ಬೆಲೆ ತಿಳಿಯುವುದಿಲ್ಲ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಹೆಂಡ್ರಿಕ್ ಟಿಮ್ಮರ್ ಜೊತೆ ಅವರು ಮಿಶ್ರ ಡಬಲ್ಸ್ ಕಂಚು ಗೆದ್ದರು. ಮುಂದಿನ ಒಲಿಂಪಿಕ್ಸ್ ನಡೆದದ್ದು 1928ರಲ್ಲಿ, ಅವರದೇ ದೇಶದ ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಅಷ್ಟರಲ್ಲಿ ಟೆನಿಸನ್ನು ಒಲಿಂಪಿಕ್ಸ್‌ನಿಂದ ಕೈಬಿಟ್ಟಾಗಿತ್ತು, ಮತ್ತೆ ಪದಕದ ಆಟವಾಗಿ ಅದು ಮರಳಿದ್ದು 1988ರಲ್ಲಿ. ಹಿಂದಿನ ವರ್ಷವಷ್ಟೇ ಫ್ರೆಂಚ್ ಚಾಂಪಿಯನ್ ಆಗಿದ್ದ ಆಟಗಾರ್ತಿಗೆ ತವರಿನ ಒಲಿಂಪಿಕ್ಸ್‌ನಲ್ಲಿ ಆಡುವ ಅವಕಾಶವೇ ಸಿಗಲಿಲ್ಲ.

ಈಗಿನವರನ್ನು ಅನುಸರಿಸಲು 2024ರ ಡೇವಿಸ್ ಕಪ್ ಒಳ್ಳೆಯ ದಾರಿ. ಮಾಲಗದಲ್ಲಿ ನಡೆದ ಕ್ವಾರ್ಟರ್‌ಫೈನಲ್‌ನಲ್ಲಿ ಬೊಟಿಕ್ ವಾನ್ ಡಿ ಜಾಂಡ್‌ಸ್ಕಲ್ಪ್ 6–4, 6–4ರಿಂದ ಸೋಲಿಸಿದ್ದು ರಫೆಲ್ ನಡಾಲ್ ಅವರನ್ನು. ಅದು ನಡಾಲ್ ಅವರ ವೃತ್ತಿಜೀವನದ ಕೊನೆಯ ಪಂದ್ಯ. ಆದರೆ ಸ್ಪೇನ್ ವಿರುದ್ಧದ ಆ ಹಣಾಹಣಿ ನಿರ್ಧಾರವಾದದ್ದು ಜಾಂಡ್‌ಸ್ಕಲ್ಪ್ ಮತ್ತು ಕೂಲ್‌ಹಾಫ್ ಗೆದ್ದ ಡಬಲ್ಸ್‌ನಿಂದ, ಮತ್ತು ಅಂಕಣದ ಬದಿಯಲ್ಲಿ ತಂಡದ ನಾಯಕರಾಗಿ ಕುಳಿತಿದ್ದವರು ಹಾರ್‌ಹೌಸ್. ನೆದರ್ಲೆಂಡ್ಸ್ ಮೊದಲ ಬಾರಿಗೆ ಫೈನಲ್ ತಲುಪಿ ಇಟಲಿಗೆ ಸೋತಿತು. ದಾಖಲೆಗಳಲ್ಲಿ ಹುಡುಕುವಾಗ ಒಂದು ಮಾತು ನೆನಪಿರಲಿ: ಡಚ್ಚರು ಅಕಾರಾದಿ ಪಟ್ಟಿ ಮಾಡುವಾಗ ‘ವಾನ್ ಡಿ’ಯನ್ನು ಬಿಟ್ಟು ‘ಜಾಂಡ್‌ಸ್ಕಲ್ಪ್’ ಎಂಬ ಭಾಗದಿಂದ ಹೆಸರನ್ನು ಜೋಡಿಸುತ್ತಾರೆ. ವರ್ಷದಲ್ಲಿ ಎರಡು ಟೂರ್ನಿಗಳನ್ನು ಗುರುತು ಹಾಕಿಕೊಂಡರೆ ಸಾಕು. ಜೂನ್‌ನಲ್ಲಿ ರೋಸ್ಮಾಲನ್‌ನ ಹುಲ್ಲಿನಂಕಣ ಟೂರ್ನಿ ಇರುತ್ತದೆ. 2022ರಲ್ಲಿ 205ನೇ ಕ್ರಮಾಂಕದ ಟಿಮ್ ವಾನ್ ರೈಟ್‌ಹೋವನ್ ಫೈನಲ್‌ನಲ್ಲಿ ಡ್ಯಾನಿಲ್ ಮೆಡ್ವೆಡೆವ್ ಅವರನ್ನು ಮಣಿಸಿದ್ದು ಅಲ್ಲಿಯೇ. ಫೆಬ್ರುವರಿಯಲ್ಲಿ ರಾಟರ್‌ಡ್ಯಾಮ್‌ನ ಅಹೋಯ್ ಒಳಾಂಗಣದ ಟೂರ್ನಿ; 1972ರಲ್ಲಿ ಅದರ ಮೊದಲ ಫೈನಲ್ ಆಡಿದವರು ಮತ್ತೆ ಆಶ್ ಮತ್ತು ಒಕ್ಕರ್, 2004ರಿಂದ ಅದನ್ನು ನಿರ್ದೇಶಿಸುತ್ತಾ ಬಂದವರು ಕ್ರಾಯಿಚೆಕ್, ಅದರ ಗಾಲಿಕುರ್ಚಿ ವಿಭಾಗದ ಹೊಣೆ ಹೊತ್ತವರು ವರ್ಗೀರ್. ಡ್ರಾ ಪ್ರಕಟವಾದಾಗ ಸಿಂಗಲ್ಸ್‌ನ ಜೊತೆಗೆ ಡಬಲ್ಸ್ ಮತ್ತು ಗಾಲಿಕುರ್ಚಿ ವಿಭಾಗದ ಡ್ರಾಗಳನ್ನೂ ಇಳಿಸಿಕೊಂಡು ಇಟ್ಟುಕೊಳ್ಳಿ.