ಹಳೇ ಮೀಟರ್, ಹಳೇ ಸ್ಕೋಪ್ ಇಟ್ಕೊಂಡು ಆಂಪ್ಲಿಫೈಯರ್ ಅಳೆಯೋದು ಹೇಗೆ

ನಮ್ಮ ಹಾಸನದ ಕಡೆ ಆಂಪ್ಲಿಫೈಯರ್ ರಿಪೇರಿ ಆದ್ಮೇಲೆ ಟೆಸ್ಟಿಂಗ್ ಅಂದ್ರೆ ಒಂದು ಹಾಡು ಹಾಕಿ ಕೇಳೋದು, ಸೌಂಡ್ ಬಂತು ಅಂದ್ರೆ ಗಿರಾಕಿ ಕೈಗೆ ಕೊಟ್ಬಿಡೋದು. ಆದ್ರೆ ಅದೇ ಸೆಟ್ಟು ಗಣಪತಿ ಪೆಂಡಾಲಲ್ಲಿ ಸಂಜೆಯಿಂದ ರಾತ್ರಿ ತನಕ ಫುಲ್ ವಾಲ್ಯೂಮಲ್ಲಿ ಓಡ್ಬೇಕಲ್ವಾ, ಅಲ್ಲಿ ಕ್ಲಿಪ್ ಆಗಿ, ಅಂದ್ರೆ ಶಕ್ತಿ ಮೀರಿ ಅಲೆಯ ತಲೆ ಚಪ್ಪಟೆಯಾಗಿ, ಹಾರ್ನ್ ಯೂನಿಟ್ ಸುಟ್ಟರೆ ಮೈಕ್‌ಸೆಟ್ಟಿನವನಿಗೆ ನಷ್ಟ. ಅಳೆದು ಕೊಡೋದು ದೊಡ್ಡ ಕಷ್ಟ ಏನಲ್ಲ, ಲಕ್ಷಗಟ್ಲೆ ಬೆಲೆಯ ಅನಲೈಸರೂ ಬೇಡ. ಕಾಲೇಜ್ ಲ್ಯಾಬ್ ಹರಾಜಲ್ಲೋ ಬೆಂಗಳೂರಿನ ಎಸ್.ಪಿ. ರೋಡ್ ಕಡೆಯೋ ಸಿಗೋ ಹಳೇ ಆಡಿಯೋ ಆಸಿಲೇಟರ್ (ಬೇಕಾದ ಫ್ರೀಕ್ವೆನ್ಸಿಯ ಟೋನ್ ಕೊಡೋದು), ಮುಳ್ಳಿನ ಎಸಿ ಮಿಲಿವೋಲ್ಟ್‌ಮೀಟರ್, ಡ್ಯುಯಲ್ ಟ್ರೇಸ್ ಸ್ಕೋಪ್ (ಎರಡು ಅಲೆನ ಒಟ್ಟಿಗೆ ತೆರೆ ಮೇಲೆ ತೋರಿಸೋದು) ಇಷ್ಟಿದ್ರೆ ಶುರು ಮಾಡ್ಬಹುದು. ಒಂದೇ ಕಂಡೀಷನ್, ಆಂಪನ್ನ ಅಳೆಯೋಕೆ ಮುಂಚೆ ಈ ಹಳೇ ಸಾಮಾನನ್ನ ಅಳೀಬೇಕು.

ತಂದ ತಕ್ಷಣ ಪ್ಲಗ್ ಹಾಕ್ಬೇಡಿ. ಅಮೆರಿಕದಿಂದ ಬಂದ ಪೀಸಾದ್ರೆ ಹಿಂದ್ಗಡೆ 115/230 ಸ್ವಿಚ್ ಇರುತ್ತೆ, ಅದು 115ರಲ್ಲಿದ್ರೆ ಟ್ರಾನ್ಸ್‌ಫಾರ್ಮರ್ ಹೋಯ್ತು ಅಂತಲೇ ಲೆಕ್ಕ, ಮೊದಲು ಅದು ನೋಡಿ, ಫ್ಯೂಸ್ ರೇಟಿಂಗ್ ನೋಡಿ, ಮುಚ್ಚಳ ತೆಗೆದು ಉಬ್ಬಿದ ಕೆಪಾಸಿಟರ್ ಇದ್ಯಾ ನೋಡಿ, ಆಮೇಲೆ ಕರೆಂಟ್ ಬರೋ ದಾರಿಲಿ ಸೀರೀಸ್‌ಗೆ 60 ವ್ಯಾಟ್ ಫಿಲಮೆಂಟ್ ಬಲ್ಬ್ ಹಾಕಿ ಆನ್ ಮಾಡಿ. ಬಲ್ಬ್ ಒಂದ್ಸಲ ಮಿಂಚಿ ಮಂಕಾದ್ರೆ ಸರಿ, ಪೂರ್ತಿ ಉರೀತಾನೇ ಇದ್ರೆ ಒಳಗೆ ಶಾರ್ಟ್ ಇದೆ. ಅರ್ಥಿಂಗ್ ಪಿನ್ ಮಾತ್ರ ಯಾವ ಕಾರಣಕ್ಕೂ ಕತ್ತರಿಸ್ಬೇಡಿ, ಹಮ್ (ಗುಂಯ್ ಅನ್ನೋ ಕರೆಂಟಿನ ಸದ್ದು) ಹೋಗುತ್ತೆ ಅಂತ ಯಾರು ಹೇಳಿದ್ರೂ ಸರಿ.

ಅರ್ಧ ಗಂಟೆ ಬೆಚ್ಚಗಾಗೋಕೆ ಬಿಟ್ಟು, ಆಸಿಲೇಟರ್ ಔಟ್‌ಪುಟ್ ನೇರ ಮೀಟರ್‌ಗೆ ಕೊಡಿ, ಮಧ್ಯದಲ್ಲಿ ಆಂಪ್ ಬೇಡ. 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್ ತನಕ ತಿರುಗಿಸ್ತಾ ಮುಳ್ಳು ಎಲ್ಲೆಲ್ಲಿ ಎಷ್ಟು ಅಲ್ಲಾಡುತ್ತೆ ಅಂತ ಬರ್ಕೊಳಿ, ಮುಂದೆ ಆಂಪ್ ರೀಡಿಂಗಲ್ಲಿ ಆ ವ್ಯತ್ಯಾಸ ಕಳೀಬೇಕು. 1939ರಲ್ಲಿ ಬಂದ ಎಚ್‌ಪಿ ಕಂಪನಿಯ ಮೊದಲ ಪ್ರಾಡಕ್ಟ್ 200ಎ ಆಸಿಲೇಟರಲ್ಲಿ ವೀನ್ ಬ್ರಿಡ್ಜ್ ಸರ್ಕ್ಯೂಟ್ ಜೊತೆ ಒಂದು ಪುಟ್ಟ ಬಲ್ಬ್ ಇತ್ತು, ಲೆವೆಲ್ ಜಾಸ್ತಿ ಆದ್ರೆ ಫಿಲಮೆಂಟ್ ಕಾದು ರೆಸಿಸ್ಟೆನ್ಸ್ ಏರಿ ಲೆವೆಲ್ಲನ್ನ ತಾನೇ ಹಿಡಿಯುತ್ತೆ. ಆಮೇಲಿನ ಎಷ್ಟೋ ಆಸಿಲೇಟರಲ್ಲೂ ಇದೇ ಉಪಾಯ. ಹಂಗಾಗಿ ಫ್ರೀಕ್ವೆನ್ಸಿ ಬದಲಾಯಿಸಿದ್ಮೇಲೆ ಮುಳ್ಳು ನಿಲ್ಲೋ ತನಕ ಕಾಯಿರಿ, ಕೆಳಗಿನ ಫ್ರೀಕ್ವೆನ್ಸಿಲಿ ಇನ್ನೂ ಸ್ವಲ್ಪ ಹೊತ್ತು.

ಡಿಜಿಟಲ್ ಮೀಟರ್ ಇದೆಯಲ್ಲ ಅಂತೀರಾ? ಅಗ್ಗದ ಮಲ್ಟಿಮೀಟರ್‌ಗಳ ಎಸಿ ರೇಂಜ್ 400 ಹರ್ಟ್ಸ್ ಆಸುಪಾಸಿಗೆ ಮಾತ್ರ ಗ್ಯಾರಂಟಿ, 10 ಕಿಲೋಹರ್ಟ್ಸಲ್ಲಿ ಬಾಯಿಗೆ ಬಂದದ್ದು ಹೇಳ್ತಾವೆ. ಎಚ್‌ಪಿ 400ಇ ಥರದ ಹಳೇ ಮಿಲಿವೋಲ್ಟ್‌ಮೀಟರ್ 10 ಹರ್ಟ್ಸ್‌ನಿಂದ 10 ಮೆಗಾಹರ್ಟ್ಸ್ ತನಕ ಅಳೆಯುತ್ತೆ, ಹಳೇದ್ರ ಬೆಲೆ ಇರೋದೇ ಇಲ್ಲಿ. 50 ಹರ್ಟ್ಸಲ್ಲಿ ಎರಡನ್ನೂ ತಾಳೆ ನೋಡ್ಕೊಂಡು, ಮೇಲಿನ ಫ್ರೀಕ್ವೆನ್ಸಿಗೆ ಮುಳ್ಳನ್ನ ನಂಬಿ. ಮುಳ್ಳು ಸ್ಕೇಲಿನ ಬಲಗಡೆ ಇರೋ ಹಾಗೆ ರೇಂಜ್ ಇಟ್ಕೊಳಿ, ಎಡಗಡೆ ಮೂಲೆಲಿ ಓದಿದ್ರೆ ತಪ್ಪು ಜಾಸ್ತಿ.

ಆಂಪಿನ ಔಟ್‌ಪುಟ್‌ಗೆ ಹಾಕೋ ಲೋಡಿಗೆ ಸ್ಪೀಕರ್ ಬೇಡ, ಬಲ್ಬೂ ಬೇಡ, ಬಲ್ಬ್ ಕಾದಾಗ ಅದರ ರೆಸಿಸ್ಟೆನ್ಸ್ ಸುಮಾರು ಹತ್ತು ಪಟ್ಟು ಏರುತ್ತೆ. 8 ಓಮ್ 50 ವ್ಯಾಟ್‌ನ ಅಲ್ಯೂಮಿನಿಯಂ ಬಾಡಿ ರೆಸಿಸ್ಟರ್ ನಾಲ್ಕು ತಗೊಂಡು ಎರಡೆರಡು ಸೀರೀಸ್ ಮಾಡಿ ಆ ಎರಡು ಜೋಡಿನ ಪ್ಯಾರಲಲ್ ಮಾಡಿದ್ರೆ ಮತ್ತೆ 8 ಓಮೇ, ಆದ್ರೆ 200 ವ್ಯಾಟ್ ತಡ್ಕೊಳುತ್ತೆ, ಹೀಟ್‌ಸಿಂಕಿಗೆ ಬಿಗಿದಿದ್ರೆ ಮಾತ್ರ. ಅಹುಜಾ ಥರದ ಪಿಎ (ಮೈಕ್‌ಸೆಟ್) ಆಂಪಲ್ಲಿ 100 ವೋಲ್ಟ್ ಲೈನ್ ಔಟ್‌ಪುಟ್, ಅಂದ್ರೆ ಉದ್ದ ವೈರಲ್ಲಿ ಹಲವು ಹಾರ್ನ್‌ಗೆ ಕೊಡೋ ಔಟ್‌ಪುಟ್, ಅಳೆಯೋದಾದ್ರೆ ಲೆಕ್ಕ ಬೇರೆ, 100 ವ್ಯಾಟ್ ಆಂಪಿಗೆ 100 ಓಮ್, 250 ವ್ಯಾಟಿಗೆ 40 ಓಮ್ ಲೋಡ್. ಆ ಲೈನ್ ಶಾಕ್ ಹೊಡಿಯುತ್ತೆ, ಓಡ್ತಿರುವಾಗ ಕೈ ಹಾಕ್ಬೇಡಿ.

ಪವರ್ ಅಳೆಯೋದು ಸುಲಭ. 1 ಕಿಲೋಹರ್ಟ್ಸ್ ಸೈನ್ (ನುಣುಪಾದ ಅಲೆ) ಕೊಟ್ಟು ವಾಲ್ಯೂಮ್ ಏರಿಸ್ತಾ ಹೋಗಿ, ಸ್ಕೋಪಲ್ಲಿ ಅಲೆಯ ತಲೆ ಚಪ್ಪಟೆ ಆಗೋಕೆ ಶುರು ಆಗೋ ಜಾಗದಿಂದ ಒಂಚೂರು ಇಳಿಸಿ ಮೀಟರ್ ಓದಿ, ವೋಲ್ಟೇಜನ್ನ ಅದರಿಂದಲೇ ಗುಣಿಸಿ ಓಮಿಂದ ಭಾಗಿಸಿ. 8 ಓಮ್ ಮೇಲೆ 20 ವೋಲ್ಟ್ ಬಂದ್ರೆ 50 ವ್ಯಾಟ್, 28.3 ಬಂದ್ರೆ 100. ಪಕ್ಕದಲ್ಲೇ ಆ ಹೊತ್ತಿನ ಕರೆಂಟ್ ವೋಲ್ಟೇಜ್ ಬರೀಲೇಬೇಕು, ಇದನ್ನ ಬಹಳ ಜನ ಬಿಡ್ತಾರೆ. ಪಂಪ್‌ಸೆಟ್ ಓಡೋ ಹೊತ್ತಲ್ಲಿ ಹಳ್ಳಿ ಕಡೆ ಲೈನ್ 200ಕ್ಕೆ ಇಳಿದಿದ್ರೆ ರೆಗ್ಯುಲೇಟರ್ ಇಲ್ಲದ ಸಪ್ಲೈನ ಆಂಪಲ್ಲಿ ಡಿಸಿನೂ ಅಷ್ಟೇ ಇಳಿಯುತ್ತೆ, 230ರಲ್ಲಿ 100 ವ್ಯಾಟ್ ಕೊಟ್ಟಿದ್ದು 75ರ ಆಸುಪಾಸಿಗೆ ಬರುತ್ತೆ, ಅದು ಆಂಪಿನ ದೋಷ ಅಲ್ವೇ ಅಲ್ಲ. ವೇರಿಯಾಕ್ (ಲೈನ್ ವೋಲ್ಟೇಜ್ ಏರಿಸಿ ಇಳಿಸೋ ಟ್ರಾನ್ಸ್‌ಫಾರ್ಮರ್) ಇದ್ರೆ 230ಕ್ಕೆ ಕೂರಿಸಿಯೇ ಅಳೆಯಿರಿ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ, ಡಿಸ್ಟಾರ್ಷನ್, ಅಂದ್ರೆ ಆಂಪ್ ಅಲೆನ ಎಷ್ಟು ಕೆಡಿಸುತ್ತೆ ಅಂತ ಅಳೆಯೋದು. ಸ್ಕೋಪಲ್ಲಿ ಬರೀ ಸೈನ್ ನೋಡಿದ್ರೆ 2-3 ಪರ್ಸೆಂಟ್ ಆಗೋ ತನಕ ಕಣ್ಣಿಗೆ ಏನೂ ಗೊತ್ತಾಗಲ್ಲ. ಎಚ್‌ಪಿ 334ಎ ಥರದ ಡಿಸ್ಟಾರ್ಷನ್ ಅನಲೈಸರ್ ಮೂಲ ಫ್ರೀಕ್ವೆನ್ಸಿನ ತೆಗೆದುಹಾಕಿ ಮಿಕ್ಕಿದ್ದನ್ನ ಅಳೆಯುತ್ತೆ, ಅದರ ಅತಿ ಸಣ್ಣ ರೇಂಜ್ ಫುಲ್ ಸ್ಕೇಲಿಗೆ 0.1 ಪರ್ಸೆಂಟ್. ಮೊದಲು ಸೆಟ್ ಲೆವೆಲಲ್ಲಿ ಮುಳ್ಳನ್ನ ಫುಲ್ ಸ್ಕೇಲಿಗೆ ತಂದು, ಆಮೇಲೆ ಡಿಸ್ಟಾರ್ಷನಿಗೆ ಹಾಕಿ ಫ್ರೀಕ್ವೆನ್ಸಿ ಡಯಲ್ ಒಂಚೂರು, ಬ್ಯಾಲೆನ್ಸ್ ಒಂಚೂರು, ಮತ್ತೆ ಡಯಲ್ ಮತ್ತೆ ಬ್ಯಾಲೆನ್ಸ್ ಅಂತ ತಿರುಗಿಸ್ತಾ ಮುಳ್ಳು ಬಿದ್ದ ಹಾಗೆಲ್ಲ ರೇಂಜ್ ಇಳಿಸ್ತಾ ಹೋಗ್ಬೇಕು, ಇನ್ನು ಇಳಿಯಲ್ಲ ಅನ್ನೋ ಜಾಗಕ್ಕೆ ಬಂದಾಗ ಆಟೋ ಹಾಕಿ. ಆಂಪ್ ಇಲ್ದೆ ಆಸಿಲೇಟರನ್ನೇ ಹೀಗೆ ಅಳೆದಾಗ 0.1 ಬಂತು ಅನ್ಕೊಳಿ, ಆಂಪ್ ಸೇರಿಸಿದಾಗ 0.12 ಬಂದ್ರೆ ಆಂಪ್ ಬರೀ 0.02 ಅಂತ ಕಳೆದು ಬರಿಯೋ ಹಾಗಿಲ್ಲ, ಎರಡರ ಹಾರ್ಮೋನಿಕ್ (ಮೂಲ ಫ್ರೀಕ್ವೆನ್ಸಿಯ ಎರಡು, ಮೂರು ಪಟ್ಟಿನ ಅಲೆಗಳು) ಒಂದನ್ನೊಂದು ಕಳೀಲೂಬಹುದು ಕೂಡಲೂಬಹುದು. ಆಸಿಲೇಟರಿನ ಮೂರು ನಾಲ್ಕು ಪಟ್ಟು ಬಂದ್ರೆ ಮಾತ್ರ ಅದು ಹೆಚ್ಚುಕಮ್ಮಿ ಆಂಪಿನದೇ ಅಂತ ಹೇಳ್ಬಹುದು.

ನಂಬರಿಗಿಂತ ಹೆಚ್ಚು ಹೇಳೋದು ಅನಲೈಸರಿನ ಔಟ್‌ಪುಟ್. ಅದನ್ನ ಸ್ಕೋಪಿನ ಎರಡನೇ ಚಾನೆಲಿಗೆ ಕೊಟ್ಟು ಮೇಲೆ ಸೈನ್, ಕೆಳಗೆ ಮಿಕ್ಕಿದ ಕಸ ಎರಡನ್ನೂ ಒಟ್ಟಿಗೆ ನೋಡಿ, ಅದೂ 1 ವ್ಯಾಟಲ್ಲಿ ಅಂದ್ರೆ 8 ಓಮಿಗೆ 2.83 ವೋಲ್ಟಲ್ಲಿ. ಸೈನ್ ಸೊನ್ನೆ ದಾಟೋ ಕಡೆಯೆಲ್ಲ ಕೆಳಗೆ ಚೂಪು ಮುಳ್ಳು ಎದ್ದಿದ್ರೆ ಕ್ರಾಸ್‌ಓವರ್ ಡಿಸ್ಟಾರ್ಷನ್, ಔಟ್‌ಪುಟ್ ಟ್ರಾನ್ಸಿಸ್ಟರ್ ಬಯಾಸ್ (ಸಿಗ್ನಲ್ ಇಲ್ಲದಾಗಲೂ ಹರಿಯೋ ಕರೆಂಟ್) ಕಮ್ಮಿ ಆಗಿದೆ. ಬಯಾಸ್ ಪ್ರೀಸೆಟನ್ನ ಕೂದಲೆಳೆಯಷ್ಟು ತಿರುಗಿಸಿ, ಮುಳ್ಳು ಗಿಡ್ಡ ಆಗ್ತಾ ಆಗ್ತಾ ಕಸದೊಳಗೆ ಮುಳುಗುತ್ತೆ, ಅಲ್ಲಿಗೆ ನಿಲ್ಲಿಸಿ. ಜೊತೆಗೆ ಎಮಿಟರ್ ರೆಸಿಸ್ಟರ್ ಮೇಲಿನ ಮಿಲಿವೋಲ್ಟ್ ನೋಡ್ತಾ ಇರಿ, 0.22 ಓಮ್ ಮೇಲೆ 11 ಮಿಲಿವೋಲ್ಟ್ ಅಂದ್ರೆ 50 ಮಿಲಿಆಂಪ್. ಹೀಟ್‌ಸಿಂಕ್ ಬಿಸಿಯಾದ್ಮೇಲೆ ಇನ್ನೊಂದ್ಸಲ ನೋಡಿ.

ಅನಲೈಸರ್ ಸಿಗದಿದ್ರೆ ಮೂಲ ಫ್ರೀಕ್ವೆನ್ಸಿನ ತೆಗೆಯೋ ಟ್ವಿನ್ ಟಿ ಫಿಲ್ಟರ್ ಕಟ್ಕೊಳಿ, 15.9 ಕಿಲೋಓಮ್ ಮತ್ತು 10 ನ್ಯಾನೋಫ್ಯಾರಡ್ ಹಾಕಿದ್ರೆ 1 ಕಿಲೋಹರ್ಟ್ಸಿಗೆ ಸರಿ ಕೂರುತ್ತೆ. ಆದ್ರೆ ಈ ಸಾದಾ ಫಿಲ್ಟರ್ ಎರಡನೇ ಹಾರ್ಮೋನಿಕನ್ನೂ 9 ಡಿಬಿ ತಿಂದುಹಾಕುತ್ತೆ, ಮೂರನೇದನ್ನ 5 ಡಿಬಿ, ಹಂಗಾಗಿ ನಿಜಕ್ಕಿಂತ ಒಳ್ಳೇ ರಿಸಲ್ಟ್ ತೋರಿಸುತ್ತೆ.

ಫ್ರೀಕ್ವೆನ್ಸಿ ರೆಸ್ಪಾನ್ಸಿಗೆ 1 ಕಿಲೋಹರ್ಟ್ಸಲ್ಲಿ 2.83 ವೋಲ್ಟ್ ಇಟ್ಟು ಎರಡೂ ಕಡೆ ಎಲ್ಲಿ 2 ವೋಲ್ಟಿಗೆ ಇಳಿಯುತ್ತೆ ನೋಡಿ, ಅದೇ 3 ಡಿಬಿ ಪಾಯಿಂಟ್. ಸ್ಕ್ವೇರ್ ವೇವ್ ಇದ್ರೆ 10 ಕಿಲೋಹರ್ಟ್ಸ್ ಕೊಟ್ಟು ಮೂಲೆ ನೋಡಿ, ಮೂಲೆಲಿ ನಡುಗೋ ಅಲೆಗಳಿದ್ರೆ ಆಂಪ್ ಆಸಿಲೇಟ್ ಆಗೋ ದಾರಿಲಿದೆ.

ನಾಯ್ಸಿಗೆ ಆಸಿಲೇಟರ್ ಬಿಚ್ಚಿ ಇನ್‌ಪುಟ್ ಶಾರ್ಟ್ ಮಾಡಿ ಔಟ್‌ಪುಟ್ ಓದಿ, ಫುಲ್ ಪವರ್ 20 ವೋಲ್ಟಿದ್ದು ಈಗ 2 ಮಿಲಿವೋಲ್ಟ್ ಬಂದ್ರೆ 80 ಡಿಬಿ. ಮುಳ್ಳಿನ ಮೀಟರ್ ಹೆಚ್ಚಿನವು ಆವರೇಜ್ ಓದೋವು, ನಾಯ್ಸನ್ನ 1 ಡಿಬಿ ಕಮ್ಮಿ ತೋರಿಸ್ತಾವೆ. ಸ್ಕೋಪಿನ ಟ್ರಿಗರ್ ಲೈನಿಗೆ ಹಾಕಿ, ಅಲೆ ನಿಂತಲ್ಲೇ ನಿಂತ್ರೆ ಅದು ಕರೆಂಟಿನ ಹಮ್, 100 ಹರ್ಟ್ಸಾದ್ರೆ ಫಿಲ್ಟರ್ ಕೆಪಾಸಿಟರ್, 50 ಆದ್ರೆ ಅರ್ಥ್ ಲೂಪೋ ವೈರಿಂಗೋ.

ಕಾರ್ ಆಂಪ್ ಮತ್ತೆ ಬ್ರಿಡ್ಜ್ ಐಸಿ ಬೋರ್ಡ್‌ಗಳಲ್ಲಿ ಸ್ಪೀಕರಿನ ಎರಡೂ ವೈರ್ ಲೈವ್, ಸ್ಕೋಪಿನ ಗ್ರೌಂಡ್ ಕ್ಲಿಪ್ ಯಾವುದಕ್ಕೆ ಹಾಕಿದ್ರೂ ಔಟ್‌ಪುಟ್ ಶಾರ್ಟ್ ಆಗಿ ಐಸಿ ಹೋಗುತ್ತೆ. ಎರಡು ಪ್ರೋಬ್ ಎರಡು ವೈರಿಗೆ ಹಾಕಿ, ಎರಡನೇ ಚಾನೆಲ್ ಇನ್ವರ್ಟ್ ಮಾಡಿ ಆಡ್ ಮೋಡಲ್ಲಿ ನೋಡಿ.

ಇನ್ನೊಂದು, ಸಕಲೇಶಪುರ, ಮೂಡಿಗೆರೆ, ಕೊಪ್ಪ ಕಡೆಯವರು ಮಳೆಗಾಲದಲ್ಲಿ ಈ ಸಾಮಾನನ್ನ ಸುಮ್ನೆ ಕಪಾಟಲ್ಲಿ ಇಡ್ಬೇಡಿ, ರೇಂಜ್ ಸ್ವಿಚ್ಚಿನ ಕಾಂಟ್ಯಾಕ್ಟ್ ಕಪ್ಪಾಗಿ ರೀಡಿಂಗ್ ಕುಣಿಯುತ್ತೆ. ವಾರಕ್ಕೊಂದ್ಸಲ ಒಂದೆರಡು ಗಂಟೆ ಆನ್ ಮಾಡಿ, ಪ್ರತಿ ಸ್ವಿಚ್ಚನ್ನೂ ಈ ತುದಿಯಿಂದ ಆ ತುದಿಗೆ ಹತ್ತು ಸಲ ತಿರುಗಿಸಿ, ಅಳೆಯೋ ದಿನ ಆಸಿಲೇಟರಿಂದ ಮೀಟರಿಗೆ ನೇರ ಕೊಟ್ಟು ಹಿಂದೆ ಬರ್ದಿಟ್ಟ ರೀಡಿಂಗ್ ಜೊತೆ ತಾಳೆ ನೋಡ್ಕೊಂಡೇ ಶುರು ಮಾಡಿ.