ಎಲ್ಲರೂ ಒಟ್ಟಿಗೆ ವಾಪಸ್ ಬರುವ ಓಟ

ವಾರಕ್ಕೊಂದು ದಿನ ಗೆಳೆಯರೆಲ್ಲ ಸೇರಿ ಓಡೋಣ ಅಂತ ಶುರುವಾಗುವ ಗುಂಪುಗಳು ಹೆಚ್ಚು ದಿನ ಬಾಳುವುದಿಲ್ಲ. ಬೆಳಗ್ಗೆ ಏಳೋಕೆ ಸೋಮಾರಿತನ ಅಂತ ಎಲ್ಲರೂ ಕಾರಣ ಕೊಡುತ್ತಾರೆ. ಅದು ನೆಪ ಅಷ್ಟೇ. ಗುಂಪು ಒಡೆಯುವುದು ವೇಗದಿಂದ.

ಹೇಗೆ ಅಂದ್ರೆ, ಜೋರಾಗಿ ಓಡುವವರು ಮುಂದೆ ಹೋಗಿ ರಸ್ತೆ ತಿರುವಿನಲ್ಲಿ ಕಾಯುತ್ತಾರೆ. ನಿಧಾನದವರು ಏದುಸಿರು ಬಿಡುತ್ತಾ ಬಂದು ಸೇರುತ್ತಾರೆ. ಅಷ್ಟರಲ್ಲಿ ಸುಧಾರಿಸಿಕೊಂಡಿದ್ದ ಮುಂದಿನವರು 'ಬಂದ್ರಾ? ಸರಿ, ಹೊರಡೋಣ' ಅನ್ನುತ್ತಾರೆ. ಸುಸ್ತಾದವರಿಗೆ ಒಂದು ನಿಮಿಷದ ಬಿಡುವೂ ಇಲ್ಲ, ಸುಸ್ತಾಗದವರಿಗೆ ಧಾರಾಳ. ಕೆಲವು ವಾರ ಹೀಗೇ ನಡೆದರೆ ಹಿಂದಿನವರಿಂದ ಒಂದು ಮೆಸೇಜ್ ಬರುತ್ತದೆ: 'ನನ್ನಿಂದ ನಿಮಗೆಲ್ಲ ತಡ ಆಗುತ್ತೆ, ನೀವು ಹೋಗ್ಬನ್ನಿ.' ಮುಂದಿನ ವಾರ ಇನ್ನೊಬ್ಬರು. ಅಲ್ಲಿಗೆ ಮುಗೀತು.

ನಮ್ಮ ಗುಂಪಿನಲ್ಲಿ ಐದು ನಿಮಿಷಕ್ಕೆ ಕಿಲೋಮೀಟರ್ ಓಡುವವರಿದ್ದಾರೆ, ಎಂಟು ನಿಮಿಷ ತೆಗೆದುಕೊಳ್ಳುವವರೂ ಇದ್ದಾರೆ. 5 ಕಿಲೋಮೀಟರ್ ಅಂತ ಇಟ್ಟುಕೊಂಡರೆ ಒಬ್ಬರು 25 ನಿಮಿಷದಲ್ಲಿ ಮುಗಿಸುತ್ತಾರೆ, ಇನ್ನೊಬ್ಬರಿಗೆ 40 ಬೇಕು. ಹದಿನೈದು ನಿಮಿಷ ಬೆವರಲ್ಲಿ ನೆನೆದು ಗೇಟಿನ ಹತ್ತಿರ ಕಾಯೋದು ಯಾರಿಗೂ ಹಿತವಲ್ಲ. ಅದಕ್ಕೆ ನಾವು ದೂರದ ಲೆಕ್ಕವನ್ನೇ ಬಿಟ್ಟೆವು. ಗಡಿಯಾರದ ಲೆಕ್ಕ ಹಿಡಿದೆವು.

ನಲವತ್ತು ನಿಮಿಷದ ಓಟ ಅಂದ್ರೆ ಇಪ್ಪತ್ತು ನಿಮಿಷ ಹೋಗೋದು, ಇಪ್ಪತ್ತು ನಿಮಿಷ ಬರೋದು. ದಾರಿ ಒಂದೇ. ಇಪ್ಪತ್ತಾದ ತಕ್ಷಣ ಯಾರು ಎಲ್ಲಿದ್ದರೂ ಅಲ್ಲೇ ತಿರುಗಬೇಕು. ವೇಗದವರು ಆ ಹೊತ್ತಿಗೆ 4 ಕಿಲೋಮೀಟರ್ ದೂರದಲ್ಲಿರುತ್ತಾರೆ, ನಿಧಾನದವರು ಎರಡೂವರೆಯಲ್ಲಿ. ತಿರುಗಿದ ಕ್ಷಣದಿಂದ ಎಲ್ಲ ತಲೆಕೆಳಗು. ಕೊನೆಯಲ್ಲಿದ್ದವರು ಈಗ ಎಲ್ಲರಿಗಿಂತ ಮುಂದೆ! ಬೆನ್ನ ಹಿಂದೆ ಹೆಜ್ಜೆ ಸಪ್ಪಳ ಹತ್ತಿರವಾಗುತ್ತಾ ಬರುತ್ತದೆ, ಕೊನೆಯ ಬೀದಿಯಲ್ಲಿ ಎಲ್ಲರೂ ಒಂದೇ ಕಡೆ ಸೇರುತ್ತಾರೆ. ಯಾರೂ ಯಾರಿಗೂ ಕಾಯಲಿಲ್ಲ, ಯಾರೂ ವೇಗ ಕಮ್ಮಿ ಮಾಡಲಿಲ್ಲ.

ಇದರಲ್ಲಿ ಇನ್ನೊಂದು ಲಾಭ ಇದೆ. ಹೋಗುವಾಗ ಹುಮ್ಮಸ್ಸಿನಲ್ಲಿ ಜಾಸ್ತಿ ದೂರ ಹೋದವರಿಗೆ ಬರುವಾಗ ಅದೇ ದೂರ ಇಪ್ಪತ್ತು ನಿಮಿಷಕ್ಕೆ ಮುಗಿಯುವುದಿಲ್ಲ. ಎಲ್ಲರೂ ಸೇರಿದ ಮೇಲೆ ಒಬ್ಬರೇ ಬರುತ್ತಾರೆ. ಸಮನಾಗಿ ಓಡಿ ಅಂತ ಬುದ್ಧಿ ಹೇಳುವ ಅಗತ್ಯವೇ ಬರಲ್ಲ. ಜಿಪಿಎಸ್ ಜಗಳವೂ ತಪ್ಪಿತು. ಎತ್ತರದ ಕಟ್ಟಡಗಳ ನಡುವೆ ಉಪಗ್ರಹದ ಸಿಗ್ನಲ್ ಗೋಡೆಗೆ ಬಡಿದು ಬರುವುದರಿಂದ ಒಂದೇ ಬೀದಿಯಲ್ಲಿ ಜೊತೆಯಲ್ಲೇ ಓಡಿದ ಇಬ್ಬರ ವಾಚು ಬೇರೆ ಬೇರೆ ದೂರ ತೋರಿಸುತ್ತವೆ. ಇಪ್ಪತ್ತು ನಿಮಿಷ ಮಾತ್ರ ಎಲ್ಲರ ವಾಚಿನಲ್ಲೂ ಇಪ್ಪತ್ತೇ.

ಆದರೆ ಇದೊಂದನ್ನೇ ಮಾಡುತ್ತಿದ್ದರೆ ಗುಂಪಿನಲ್ಲಿ ಓಡಿದಂತೆ ಅನಿಸುವುದಿಲ್ಲ. ಮಧ್ಯದಲ್ಲಿ ಎಲ್ಲರೂ ಚದುರಿ ಹೋಗಿರುತ್ತಾರಲ್ವಾ? ಅದಕ್ಕೆ ಬಡಾವಣೆಯ ಅಡ್ಡರಸ್ತೆಗಳಲ್ಲಿ ಬೇರೆ ಆಟ ಆಡುತ್ತೇವೆ. ಇದು ನಮ್ಮ ಸ್ವಂತದ್ದಲ್ಲ. 1938ರಲ್ಲಿ ಕೌಲಾಲಂಪುರದಲ್ಲಿ ಶುರುವಾದ ಹ್ಯಾಶ್ ಹೌಸ್ ಹ್ಯಾರಿಯರ್ಸ್ ಎಂಬ ಓಟದ ಕೂಟದಿಂದ ಕದ್ದಿದ್ದು. ಒಬ್ಬರು ಮುಂಚೆ ಹೋಗಿ ದಾರಿಯುದ್ದಕ್ಕೂ ಗುರುತು ಹಾಕಿರುತ್ತಾರೆ, ಉಳಿದವರು ಅದನ್ನು ಹುಡುಕಿಕೊಂಡು ಓಡಬೇಕು. ಅಲ್ಲಲ್ಲಿ ಗುರುತು ನಿಂತುಹೋಗುತ್ತದೆ. ಮುಂದಿನ ದಾರಿ ಯಾವುದು ಅಂತ ಹುಡುಕುವ ಕೆಲಸ ಮೊದಲು ಬಂದವರದ್ದು.

ನಾವು ಬಳಸುವುದು ಸೀಮೆಸುಣ್ಣ. ಹಿಟ್ಟು ಚೆಲ್ಲುವ ಪದ್ಧತಿಯೂ ಇದೆ, ಆದರೆ ರಸ್ತೆಯಲ್ಲಿ ಬಿಳಿ ಪುಡಿ ಕಂಡರೆ ಜನ ಸುಮ್ನೆ ಗಾಬರಿಯಾಗುತ್ತಾರೆ. ಮೂಲೆಯಲ್ಲಿ ಬಾಣ, ಕೂಡುರಸ್ತೆಯಲ್ಲಿ ವೃತ್ತ. ವೃತ್ತ ಕಂಡರೆ ಅಲ್ಲಿಂದ ಹೊರಡುವ ರಸ್ತೆಗಳಲ್ಲಿ ಒಂದು ಮಾತ್ರ ಸರಿ. ತಪ್ಪು ರಸ್ತೆಯಲ್ಲಿ ಇನ್ನೂರು ಹೆಜ್ಜೆ ಹೋದ ಮೇಲೆ ಒಂದು ಇಂಟು ಗುರುತು ಸಿಗುತ್ತದೆ. ನಮ್ಮಲ್ಲಿ ಎಲ್ಲರಿಗಿಂತ ಜೋರಾಗಿ ಓಡುವ ಗೆಳೆಯ ಯಾವಾಗಲೂ ಏರು ರಸ್ತೆಯನ್ನೇ ಆರಿಸುತ್ತಾನೆ. ಮೇಲೆ ಹೋಗಿ ಇಂಟು ನೋಡಿ ಬೈದುಕೊಂಡು ಇಳಿಯುತ್ತಾನೆ. ಅಷ್ಟರಲ್ಲಿ ಎರಡನೆಯವನು ಎಡಕ್ಕೆ ಹೋಗಿ ಅವನೂ ಇಂಟು ಕಂಡು ಬಂದಿರುತ್ತಾನೆ. ಆಗ ಹಿಂದಿನಿಂದ ನಮ್ಮ ಟೀಚರಮ್ಮ ಬರುತ್ತಾರೆ. ಗುಂಪಿನಲ್ಲಿ ಹಿರಿಯರು ಅವರೇ. ಸೊಂಟದ ಮೇಲೆ ಕೈಯಿಟ್ಟು ವೃತ್ತವನ್ನು ಒಮ್ಮೆ ನೋಡುತ್ತಾರೆ. 'ಉಳಿದಿರೋದು ಒಂದೇ ಅಲ್ವೇನ್ರೋ?' ಅಂತ ಬಲಕ್ಕೆ ತಿರುಗಿ ಹೊರಟೇಬಿಡುತ್ತಾರೆ. ಈ ಆಟದಲ್ಲಿ ಎಲ್ಲರಿಗಿಂತ ಜಾಸ್ತಿ ಓಡುವವನು ಅವನು, ಎಲ್ಲರಿಗಿಂತ ಮುಂದೆ ಇರುವವರು ಇವರು.

ಪಾರ್ಕಿನಲ್ಲಿ ಇಷ್ಟೆಲ್ಲ ಉಪಾಯ ಬೇಡ. ಸುತ್ತು ಇದ್ದೇ ಇರುತ್ತದೆ, ಯಾರಿಗೆ ಎಷ್ಟಾಗುತ್ತೋ ಅಷ್ಟು ಸುತ್ತು. ಅರ್ಧ ಜನ ಈ ಕಡೆಯಿಂದ, ಅರ್ಧ ಜನ ಆ ಕಡೆಯಿಂದ ಹೊರಟರೆ ಎದುರು ಸಿಕ್ಕಾಗಲೆಲ್ಲ ಕೈ ತಟ್ಟಬಹುದು. ವಾಕಿಂಗ್ ಬರುವ ಹಿರಿಯರು ಜಾಸ್ತಿ ಇರುವ ಹೊತ್ತಾದರೆ ಇದು ಬೇಡ, ಎಲ್ಲರೂ ಒಂದೇ ದಿಕ್ಕಿನಲ್ಲಿ ಹೋಗುವುದೇ ಮರ್ಯಾದೆ.

ಎಲ್ಲಿ ಓಡಿದರೂ ಒಬ್ಬರು ಕೊನೆಯಲ್ಲಿ ಇರಲೇಬೇಕು, ಮತ್ತು ಅವರು ಬೇಕಂತಲೇ ಕೊನೆಯಲ್ಲಿ ಇರಬೇಕು. ಇಂಗ್ಲೆಂಡಿನ ಬುಷಿ ಪಾರ್ಕಿನಲ್ಲಿ 2004ರ ಅಕ್ಟೋಬರ್‌ನಲ್ಲಿ 13 ಓಟಗಾರರಿಂದ ಶುರುವಾದ ಪಾರ್ಕ್‌ರನ್ ಈಗ ಎಷ್ಟೋ ದೇಶಗಳಲ್ಲಿ ಪ್ರತಿವಾರ ನಡೆಯುತ್ತದೆ. ಅದರಲ್ಲಿ ಎಲ್ಲರ ಹಿಂದೆ ನಡೆದು ಬರಲೆಂದೇ ಒಬ್ಬ ಸ್ವಯಂಸೇವಕ ಇರುತ್ತಾರೆ. ಹಾಗಾಗಿ ಓಡಲು ಬಂದವರು ಯಾರೂ ಕೊನೆಯವರಾಗುವುದಿಲ್ಲ. ನಾವೂ ಸರದಿಯ ಮೇಲೆ ಆ ಕೆಲಸ ಹಂಚಿಕೊಂಡಿದ್ದೇವೆ. ಫೋನು, ಬ್ಯಾಂಡೇಜು, ಒಂದಿಷ್ಟು ಚಿಲ್ಲರೆ ಅವರ ಹತ್ತಿರ ಇರುತ್ತದೆ. ತುಂಬ ಜೋರಾಗಿ ಓಡುವವರಿಗೆ ಈ ಸರದಿ ಬಂದಾಗ ಮೊದಲು ಮುಖ ಸಪ್ಪಗಾಗುತ್ತದೆ, ಅರ್ಧ ದಾರಿಗೆ ಮಾತಿಗೆ ಬಿದ್ದಿರುತ್ತಾರೆ.

ಮಾತು ಅಂದೆನಲ್ಲ, ವೇಗ ಸರಿಯಿದೆಯಾ ಅಂತ ನೋಡೋಕೆ ಅದೇ ಅಳತೆಗೋಲು. ಪೂರ್ತಿ ವಾಕ್ಯ ಒಂದೇ ಉಸಿರಿಗೆ ಹೇಳಲು ಆದರೆ ಸರಿ. 'ಹೂಂ', 'ಹೌದು', 'ಆಮೇಲೆ ಹೇಳ್ತೀನಿ' ಅಷ್ಟೇ ಬರುತ್ತಿದ್ದರೆ ಜೋರಾಯಿತು. ಅಮೆರಿಕದ ಕೋಚ್, ಮುಂದೆ ನೈಕಿ ಕಂಪನಿಯ ಸಹಸ್ಥಾಪಕರಾದ ಬಿಲ್ ಬವರ್‌ಮನ್ 1962ರಲ್ಲಿ ನ್ಯೂಜಿಲೆಂಡಿಗೆ ಹೋಗಿದ್ದಾಗ, ಅಲ್ಲಿನ ಹೆಸರಾಂತ ಓಟದ ಕೋಚ್ ಆರ್ಥರ್ ಲಿಡಿಯಾರ್ಡ್ ಅವರ ಬಳಗದವರ ಜೊತೆ ಜಾಗಿಂಗ್‌ಗೆ ಹೊರಟು ಸ್ವಲ್ಪ ಹೊತ್ತಿಗೇ ಹಿಂದೆ ಬಿದ್ದರು. ಎಪ್ಪತ್ತು ದಾಟಿದ ಹಿರಿಯರೊಬ್ಬರು ನಿಧಾನಿಸಿ ಅವರ ಜೊತೆಗೇ ಓಡಿದರು. ಹಿಂದೆ ಬಿದ್ದವರು ಓಟ ಕಲಿಸುವುದೇ ಕಸುಬಾಗಿದ್ದ ಮನುಷ್ಯ! ಬವರ್‌ಮನ್ ಊರಿಗೆ ಮರಳಿ ಸಾಮಾನ್ಯ ಜನರಿಗೆ ಜಾಗಿಂಗ್ ಕಲಿಸಲು ಶುರು ಮಾಡಿದರು. ನನಗೆ ಈ ಕಥೆಯಲ್ಲಿ ಇಷ್ಟವಾಗೋದು ಆ ಹಿರಿಯರು.

ರಸ್ತೆಯ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಫುಟ್‌ಪಾತ್ ಇಲ್ಲದ ಕಡೆ ಎದುರಿನ ವಾಹನ ಕಾಣುವ ಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರು. ಮುಂದಿನವರು 'ಗುಂಡಿ' ಅಂದರೆ ಪ್ರತಿಯೊಬ್ಬರೂ ಅದನ್ನು ಕೂಗಿ ಹಿಂದೆ ದಾಟಿಸಬೇಕು. ಹಿಂದಿನವರು 'ಗಾಡಿ' ಅಂದರೆ ಅದು ಮುಂದೆ ಸಾಗಬೇಕು. ಕಿವಿಗೆ ಇಯರ್‌ಫೋನ್ ಬೇಡ. ನಾಯಿ ಅಟ್ಟಿಸಿಕೊಂಡು ಬಂದರೆ ಓಡಬೇಡಿ, ಎಲ್ಲರೂ ನಡೆಯಿರಿ. ಸಿಗ್ನಲ್ ಕೆಂಪಾದರೆ ಬೇಜಾರು ಬೇಡ, ಹಿಂದಿನವರು ಬಂದು ಸೇರೋಕೆ ಸಿಗುವ ಪುಕ್ಕಟೆ ಸಮಯ ಅದು.

'ನಾಳೆ ಯಾರ್‍ಯಾರು ಬರ್ತೀರಾ?' ಅಂತ ಗ್ರೂಪಿನಲ್ಲಿ ಕೇಳುವ ಪದ್ಧತಿಯನ್ನು ನಾವು ನಿಲ್ಲಿಸಿದೆವು. ಕೇಳಿದರೆ ಯೋಚಿಸುತ್ತಾರೆ, ಯೋಚಿಸಿದರೆ ಬರಲ್ಲ. ದಿನ, ಹೊತ್ತು, ಜಾಗ ಬದಲಾಗುವುದಿಲ್ಲ. ಇಬ್ಬರು ಬಂದರೂ ಓಟ ಉಂಟು. ಹೊತ್ತಾದ ಮೇಲೆ ಐದು ನಿಮಿಷ ಕಾದು ಹೊರಡುತ್ತೇವೆ. ತಡವಾದವರಿಗೆ ದಾರಿ ಗೊತ್ತಿರುತ್ತದೆ, ಬರುವಾಗ ನಾವೇ ಎದುರು ಸಿಗುತ್ತೇವೆ.

ಮಂಡಿ ನೋವು, ಕಾಲು ಉಳುಕು ಇದ್ದವರಿಗೂ ರಜೆ ಇಲ್ಲ. ಆ ವಾರ ಅವರು ಸೈಕಲ್ ಹತ್ತಿ ಮುಂಚೆಯೇ ಹೋಗಿ ಬಾಣದ ಗುರುತು ಹಾಕಿಬರಬೇಕು. ಅಂಥ ವಾರಗಳಲ್ಲಿ ತಪ್ಪು ದಾರಿಗಳು ಇನ್ನೂರು ಹೆಜ್ಜೆಗೆ ಮುಗಿಯುವುದೇ ಇಲ್ಲ. ಸೈಕಲ್ ಮೇಲೆ ಕೂತವರಿಗೆ ಏರು ರಸ್ತೆ ಅಂದರೆ ಯಾಕೋ ಬಲು ಪ್ರೀತಿ.